ನಕ್ಷತ್ರಗಳ ಅಳಿವು ಮತ್ತು ಸೃಷ್ಟಿಸಿದ್ಧಾಂತ: ಕೋಲಾರದ ಗಣಿಯ ಸಾಕ್ಷ್ಯ

ಕೋಲಾರ ಸೀಮೆಯ ಕ್ರೈಸ್ತಸಭೆಗಳ ಚರಿತ್ರೆಯನ್ನು ಬರೆಯುವವರು ಕ್ಷಾಮಕಾಲದ ಅನಾಥಾಲಯಗಳನ್ನೂ ಮಿಷನ್ ಆಸ್ಪತ್ರೆಯನ್ನೂ ಗಣಿಯ ಸುತ್ತ ಎದ್ದ ದೇವಾಲಯಗಳನ್ನೂ ಸರಿಯಾಗಿಯೇ ನೆನೆಯುತ್ತಾರೆ. ಆದರೆ ಅದೇ ನೆಲದ ಕೆಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ, 1951ರಿಂದ ಸುಮಾರು ನಾಲ್ಕು ದಶಕಗಳ ಕಾಲ ನಡೆದ ಒಂದು ವಿಚಾರಣೆ ನಮ್ಮ ಬರವಣಿಗೆಯಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ. ಅದನ್ನು ನಡೆಸಿದವರು ಭೌತವಿಜ್ಞಾನಿಗಳು. ದೇವಶಾಸ್ತ್ರ ಅವರ ಉದ್ದೇಶವಾಗಿರಲಿಲ್ಲ. ಆದರೂ ಅವರು ಕೊನೆಯಲ್ಲಿ ಕೇಳಿದ ಪ್ರಶ್ನೆ ಸಭೆಯ ಹಳೆಯ ಪ್ರಶ್ನೆಗಳಲ್ಲೊಂದು: ಸೃಷ್ಟಿಯಾದದ್ದರಲ್ಲಿ ತನ್ನ ಸ್ವಭಾವದಿಂದಲೇ ಅಳಿಯದೆ ಉಳಿಯುವಂಥದ್ದು ಏನಾದರೂ ಇದೆಯೇ? ಈ ಪ್ರಶ್ನೆ ಆಕಾಶದಿಂದ ನಕ್ಷತ್ರಕ್ಕೆ, ನಕ್ಷತ್ರದಿಂದ ಪರಮಾಣುವಿಗೆ ಇಳಿದುಬಂದ ಬಗೆಯನ್ನು ಗುರುತಿಸುವುದು ಈ ಲೇಖನದ ಪ್ರಯತ್ನ.

ಸತ್ಯವೇದವು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 148ನೆಯ ಕೀರ್ತನೆ ಸೂರ್ಯಚಂದ್ರನಕ್ಷತ್ರಗಳಿಗೆ ಶಾಶ್ವತವಾದ ನೆಲೆಯನ್ನೂ ಮೀರಲಾಗದ ಕಟ್ಟಳೆಯನ್ನೂ ಹೇಳುತ್ತದೆ. 102ನೆಯ ಕೀರ್ತನೆಯಾದರೋ ಆಕಾಶವನ್ನೇ ಹಳತಾಗುವ ಉಡುಪಿಗೆ ಹೋಲಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯವು ಆ ಹೋಲಿಕೆಯನ್ನೇ ಎತ್ತಿಕೊಂಡು ಕ್ರಿಸ್ತನ ನಿತ್ಯತ್ವಕ್ಕೆ ಎದುರಾಗಿ ಇಡುತ್ತದೆ. ಸಭಾಪಿತೃಗಳಲ್ಲಿ ಕೈಸರೈಯದ ಬಸಿಲನು ಆದಿಕಾಂಡದ ಆರು ದಿನಗಳ ಕುರಿತ ಪ್ರಸಂಗಗಳಲ್ಲಿ ಎರಡನೆಯ ಸಾಲಿನ ಕಡೆಗೆ ನಿಂತನು. ವೃತ್ತಾಕಾರವಾಗಿ ಚಲಿಸುವುದರಿಂದ ಆಕಾಶಕ್ಕೆ ಆದಿಯೂ ಅಂತ್ಯವೂ ಇಲ್ಲವೆಂದು ವಾದಿಸುವವರಿಗೆ ಅವನ ಉತ್ತರ ಸರಳ: ವೃತ್ತದ ಮೊದಲ ಬಿಂದು ನಮ್ಮ ಕಣ್ಣಿಗೆ ತಪ್ಪಬಹುದು, ಎಳೆದವನು ಮಾತ್ರ ಎಲ್ಲಿಂದಲೋ ಆರಂಭಿಸಿಯೇ ಇರುತ್ತಾನೆ, ಆರಂಭವಾದದ್ದಕ್ಕೆ ಮುಕ್ತಾಯವೂ ಉಂಟು.

ಈ ವಾದವನ್ನು ಶಾಸ್ತ್ರೀಯವಾಗಿ ಕೊನೆಯವರೆಗೂ ಒಯ್ದವನು ಆರನೆಯ ಶತಮಾನದ ಅಲೆಕ್ಸಾಂದ್ರಿಯದ ಯೋಹಾನ ಫಿಲೋಪೋನಸ್. ಅರಿಸ್ಟಾಟಲನ ಪ್ರಕಾರ ಚಂದ್ರನ ಕೆಳಗಿನದೆಲ್ಲ ಹುಟ್ಟಿ ಅಳಿಯುವ ನಾಲ್ಕು ಭೂತಗಳಿಂದಾದದ್ದು. ಚಂದ್ರನ ಮೇಲಿನದು ಅಳಿವಿಲ್ಲದ ಐದನೆಯ ದ್ರವ್ಯದಿಂದಾದದ್ದು. ಫಿಲೋಪೋನಸ್ ಇದನ್ನು ನಿರಾಕರಿಸಿದನು. ನಕ್ಷತ್ರಗಳ ಬಣ್ಣಗಳು ಒಂದರಿಂದೊಂದು ಭಿನ್ನವಾಗಿವೆ. ಭೂಮಿಯ ಮೇಲಿನ ಬೆಂಕಿಯೂ ತಾನು ಸುಡುವ ವಸ್ತುವಿಗೆ ತಕ್ಕಂತೆ ಬಣ್ಣ ತಾಳುತ್ತದೆ. ಹಾಗಾದರೆ ಮೇಲಿನ ಬೆಂಕಿ ಬೇರೆ, ಕೆಳಗಿನ ಬೆಂಕಿ ಬೇರೆ ಎನ್ನಲು ಆಧಾರವೇನು? ಸೃಷ್ಟಿಕರ್ತನೊಬ್ಬನೇ ಆಗಿರುವಾಗ ಸೃಷ್ಟಿಯಲ್ಲಿ ದೈವಾಂಶದ ಮೇಲಂತಸ್ತು ಇರಲಾರದು ಎಂಬುದು ಅವನ ತರ್ಕದ ಮೂಲ. ತ್ರಯೈಕತ್ವದ ಕುರಿತ ಅವನ ಬೋಧನೆ ಏಳನೆಯ ಶತಮಾನದಲ್ಲಿ ಖಂಡನೆಗೊಳಗಾಯಿತು. ಹೆಸರಿಗೆ ಕಳಂಕ ತಟ್ಟಿದ ಮೇಲೆ ಪಶ್ಚಿಮದ ಸಭೆಯಲ್ಲಿ ಅವನ ಖಗೋಳವಿಚಾರಕ್ಕೂ ತಕ್ಕ ಮನ್ನಣೆ ಸಿಗಲಿಲ್ಲ. ಹದಿಮೂರನೆಯ ಶತಮಾನಕ್ಕೆ ಬರುವಷ್ಟರಲ್ಲಿ ಅರಿಸ್ಟಾಟಲನ ಆಕಾಶವೇ ಕ್ರೈಸ್ತ ವಿದ್ಯಾಪೀಠಗಳ ಆಕಾಶವಾಯಿತು. ಥಾಮಸ್ ಅಕ್ವಿನಾಸನು ಆಕಾಶಕಾಯಗಳ ದ್ರವ್ಯ ಬೇರೆ ಜಾತಿಯದು, ಸ್ವಭಾವತಃ ಅಳಿಯಲಾರದು ಎಂದೇ ಬೋಧಿಸಿದನು. ದೇವರು ಮನಸ್ಸು ಮಾಡಿದರೆ ಅದನ್ನೂ ಇಲ್ಲವಾಗಿಸಬಲ್ಲನೆಂಬುದನ್ನು ಅವನು ಮರೆಯಲಿಲ್ಲ. ಅಷ್ಟರಮಟ್ಟಿಗೆ ಅವನು ಅರಿಸ್ಟಾಟಲನ ಕುರುಡು ಶಿಷ್ಯನಲ್ಲ. ಆದರೂ ಅಳಿವೆಂಬುದು ಚಂದ್ರನ ಕೆಳಗಿನವರ ಪಾಡು ಮಾತ್ರ ಎಂಬ ಭಾವನೆ ಭಕ್ತರ ಮನಸ್ಸಿನಲ್ಲಿ ಬೇರೂರಿತು. ನಮ್ಮ ಅಂತ್ಯಕ್ರಿಯೆಯ ಪ್ರಸಂಗಗಳಲ್ಲಿ ಅದು ಈಗಲೂ ಕೇಳಿಬರುತ್ತದೆ.

1572ರ ನವೆಂಬರ್ ತಿಂಗಳಲ್ಲಿ ಕಾಶ್ಯಪಿ ನಕ್ಷತ್ರಪುಂಜದಲ್ಲಿ ಅದುವರೆಗೆ ಇಲ್ಲದ ಒಂದು ನಕ್ಷತ್ರ ಕಾಣಿಸಿಕೊಂಡು, ಹಗಲಿನಲ್ಲಿಯೂ ಕಾಣುವಷ್ಟು ಬೆಳಗಿ, ಹದಿನಾರು ತಿಂಗಳಲ್ಲಿ ಕಣ್ಮರೆಯಾಯಿತು. ಡೆನ್ಮಾರ್ಕಿನ ಟೈಕೋ ಬ್ರಾಹೆ ಅದು ಚಂದ್ರನಿಗಿಂತ ಬಹಳ ದೂರದಲ್ಲಿದೆಯೆಂದು ಅಳತೆಯಿಂದ ತೋರಿಸಿದನು. ಅಳಿವಿಲ್ಲದ ಆಕಾಶದಲ್ಲಿ ಹುಟ್ಟೂ ಅಳಿವೂ ಕಣ್ಣೆದುರೇ ನಡೆದವು. ವಿಚಿತ್ರವೆಂದರೆ ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಲೂವೆನ್ನಿನಲ್ಲಿ ಪಾಠ ಹೇಳುತ್ತಿದ್ದ ತರುಣ ಯೇಸುಸಭೆಯ ಪಾದ್ರಿಯೊಬ್ಬನು ಸತ್ಯವೇದ ಮತ್ತು ಪಿತೃಗಳ ಆಧಾರದಿಂದಲೇ ಆಕಾಶವು ಅಳಿಯುವಂಥದೆಂದು ಬೋಧಿಸುತ್ತಿದ್ದನು. ಆತನೇ ರಾಬರ್ಟ್ ಬೆಲ್ಲರ್ಮೀನ್. 1616ರಲ್ಲಿ ಗೆಲಿಲಿಯೋಗೆ ಎಚ್ಚರಿಕೆ ನೀಡಿದ ಕಾರ್ಡಿನಲ್ ಎಂದಷ್ಟೇ ನಾವು ಅವನನ್ನು ಬಲ್ಲೆವು. ಚರಿತ್ರೆ ನಮ್ಮ ಪರೀಕ್ಷಾ ಉತ್ತರಗಳಷ್ಟು ಸರಳವಲ್ಲ. 1604ರಲ್ಲಿ ಇನ್ನೊಂದು ಹೊಸ ನಕ್ಷತ್ರ ಕಂಡಾಗ ಅದರ ಕುರಿತು ಗ್ರಂಥ ಬರೆದ ಕೆಪ್ಲರ್ ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿ ಸಭಾಪಾಲಕನಾಗಬೇಕೆಂದಿದ್ದವನು.

ಆ ಎರಡು ಹೊಸ ನಕ್ಷತ್ರಗಳು ಏನೆಂಬುದು ಟೈಕೋನಿಗೂ ಕೆಪ್ಲರನಿಗೂ ತಿಳಿಯುವಂತಿರಲಿಲ್ಲ. ಇಂದಿನ ನಿರ್ಣಯದಂತೆ ಎರಡೂ ಶ್ವೇತಕುಬ್ಜಗಳ ಸ್ಫೋಟಗಳು. 1572ರ ಬೆಳಕಿನ ಒಂದು ಭಾಗ ದೂರದ ಧೂಳಿಗೆ ತಾಗಿ ಪ್ರತಿಫಲಿಸಿ ತಡವಾಗಿ ಭೂಮಿಗೆ ಬಂದದ್ದನ್ನು 2008ರಲ್ಲಿ ಪರೀಕ್ಷಿಸಿ ಇದನ್ನು ಖಚಿತಪಡಿಸಿಕೊಂಡರು. ಅಂದರೆ, ನಿತ್ಯವಾದ ಆಕಾಶವೆಂಬ ಸಿದ್ಧಾಂತವನ್ನು ಒಡೆದದ್ದು ತತ್ತ್ವಜ್ಞಾನಿಯ ವಾದಕ್ಕಿಂತ ಹೆಚ್ಚಾಗಿ ಒಂದು ಸತ್ತ ನಕ್ಷತ್ರ.

ಶ್ವೇತಕುಬ್ಜವೆಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ನಕ್ಷತ್ರವು ಅನಿಲಮೋಡವೊಂದು ತನ್ನ ಭಾರಕ್ಕೆ ತಾನೇ ಕುಗ್ಗಿದಾಗ ಹುಟ್ಟುತ್ತದೆ. ಒಳಗಿನ ಜಲಜನಕವು ಹೀಲಿಯಂ ಆಗುವಾಗ ಹೊಮ್ಮುವ ಶಕ್ತಿ ಆ ಕುಗ್ಗುವಿಕೆಯನ್ನು ತಡೆಹಿಡಿಯುತ್ತದೆ. ನಮ್ಮ ಸೂರ್ಯನಲ್ಲಿ ಈ ಸಮತೋಲ ಸುಮಾರು 460 ಕೋಟಿ ವರ್ಷ ನಡೆದುಬಂದಿದೆ, ಇನ್ನೂ ಸುಮಾರು 500 ಕೋಟಿ ವರ್ಷ ನಡೆಯುತ್ತದೆ. ಬಳಿಕ ಅದು ಉಬ್ಬಿ ಕೆಂಪು ದೈತ್ಯವಾಗಿ, ಹೊರಪದರಗಳನ್ನು ಕಳಚಿ, ಭೂಮಿಯಷ್ಟು ಗಾತ್ರದ ಬಿಸಿಯಾದ ತಿರುಳಾಗಿ ಉಳಿಯುತ್ತದೆ. ಆ ತಿರುಳೇ ಶ್ವೇತಕುಬ್ಜ. ಅದರಲ್ಲಿ ಉರಿಯುವುದು ಏನೂ ಇಲ್ಲ. ಒಲೆ ಆರಿದ ಮೇಲೆ ಕಾದ ಕಲ್ಲು ತಣಿಯುವಂತೆ ಅದು ಕೋಟ್ಯಂತರ ವರ್ಷ ತಣಿಯುತ್ತಾ ಹೋಗುತ್ತದೆ. ನಮ್ಮ ನಕ್ಷತ್ರಮಂಡಲದ ಬಹುಪಾಲು ನಕ್ಷತ್ರಗಳ ಗತಿ ಇದೇ. ಮಾಘಮಾಸದ ರಾತ್ರಿ ಮುಳಬಾಗಿಲಿನ ಬಂಡೆಗಳ ಮೇಲೆ ಹೊಳೆಯುವ ಲುಬ್ಧಕನಿಗೂ ಇಂಥ ಒಂದು ಸಂಗಾತಿಯುಂಟು. ಲುಬ್ಧಕನ ತೂಗಾಟದಿಂದ ಅದರ ಇರುವನ್ನು 1844ರಲ್ಲಿ ಬೆಸೆಲ್ ಊಹಿಸಿದನು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ದೂರದರ್ಶಕದಲ್ಲಿ ಅದನ್ನು ಕಂಡನು. ತೂಕ ಹೆಚ್ಚುಕಡಮೆ ಸೂರ್ಯನಷ್ಟು, ಗಾತ್ರ ಭೂಮಿಯಷ್ಟು. ಅದರ ಒಂದು ಘನ ಸೆಂಟಿಮೀಟರ್ ದ್ರವ್ಯ ಒಂದು ಟನ್ನಿಗೂ ಮೀರಿ ತೂಗುತ್ತದೆ.

ಇಷ್ಟು ಒತ್ತಾದ ದ್ರವ್ಯ ಕುಸಿಯದೆ ನಿಂತದ್ದು ಹೇಗೆ? ಇಕ್ಕಟ್ಟಿಗೆ ಸಿಕ್ಕ ಎಲೆಕ್ಟ್ರಾನುಗಳು ಇನ್ನೂ ಒತ್ತಲ್ಪಡಲು ಒಪ್ಪದಿರುವುದರಿಂದ ಎಂದು 1926ರಲ್ಲಿ ಕೇಂಬ್ರಿಜ್ಜಿನ ಫೌಲರ್ ಉತ್ತರಿಸಿದನು. ಆ ಉತ್ತರದಿಂದ ಪ್ರತಿಯೊಂದು ನಕ್ಷತ್ರಕ್ಕೂ ಶಾಂತವಾದ ಅಂತ್ಯ ಸಿಕ್ಕಂತಾಯಿತು. 1930ರ ಜುಲೈ ಕೊನೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಯಾಣದಲ್ಲಿಯೇ ಆ ಶಾಂತಿಯನ್ನು ಕದಡಿದರು. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸಿದಾಗ ಅವುಗಳ ಪ್ರತಿರೋಧ ಸಾಲದಾಗುತ್ತದೆ. ಆದ್ದರಿಂದ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದ ತಿರುಳು ಶ್ವೇತಕುಬ್ಜವಾಗಿ ನಿಲ್ಲಲಾರದು. ಎಸ್ತೋನಿಯದ ಆಂಡರ್ಸನ್, ಲೀಡ್ಸ್‌ನ ಸ್ಟೋನರ್ ಇದೇ ದಿಕ್ಕಿನಲ್ಲಿ ಹೊರಟಿದ್ದರು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅದರ ಪರಿಣಾಮವನ್ನು ಎದುರಿಟ್ಟುಕೊಂಡು ಹೋರಾಡಿದವರು ಚಂದ್ರಶೇಖರ್.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಖಗೋಳ ಸಂಘದಲ್ಲಿ ಅವರು ಇದನ್ನು ಮಂಡಿಸಿದ ಕೂಡಲೇ ಆರ್ಥರ್ ಎಡಿಂಗ್ಟನ್ ಎದ್ದು, ನಕ್ಷತ್ರವೊಂದು ಹೀಗೆ ಅಸಂಬದ್ಧವಾಗಿ ವರ್ತಿಸದಂತೆ ಪ್ರಕೃತಿಯಲ್ಲೇ ಒಂದು ನಿಯಮವಿರಬೇಕೆಂದು ತಳ್ಳಿಹಾಕಿದರು. ಎಡಿಂಗ್ಟನ್ ಸಾಮಾನ್ಯರಲ್ಲ. ಕ್ವೇಕರ್ ಭಕ್ತ; ಮೊದಲ ಮಹಾಯುದ್ಧದಲ್ಲಿ ಮನಸ್ಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯಲೊಲ್ಲದವರು; 1929ರಲ್ಲಿ ಕ್ವೇಕರರ ಸ್ವಾರ್ತ್‌ಮೋರ್ ಉಪನ್ಯಾಸದಲ್ಲಿ ವಿಜ್ಞಾನವನ್ನೂ ಕಾಣದ ಲೋಕವನ್ನೂ ಕುರಿತು ಮಾತಾಡಿದವರು. ಇನ್ನೊಂದೆಡೆ ಚಂದ್ರಶೇಖರ್ ತಮ್ಮನ್ನು ನಾಸ್ತಿಕರೆಂದು ಕರೆದುಕೊಂಡವರು. ವಿಶ್ವಾಸಿಯು ಸತ್ಯಕ್ಕೆ ಅಡ್ಡ ನಿಂತನೆಂದು ಹೇಳಿಬಿಡುವುದು ಸುಲಭ. ಆದರೆ ಎಡಿಂಗ್ಟನ್ನರ ಆಕ್ಷೇಪ ಭೌತಶಾಸ್ತ್ರದ ಪರಿಭಾಷೆಯಲ್ಲಿತ್ತು, ಅವರ ಪ್ರಾರ್ಥನೆಯಿಂದ ಹುಟ್ಟಿದ್ದಲ್ಲ. ನನಗೆ ಅಲ್ಲಿ ಕಾಣುವುದು ಕ್ವೇಕರ್ ನಂಬಿಕೆಗಿಂತ ಹೆಚ್ಚಾಗಿ ಅರಿಸ್ಟಾಟಲನ ಹಳೆಯ ನೆರಳು: ಮೇಲಿನ ಲೋಕ ಮರ್ಯಾದೆಯಿಂದ ವರ್ತಿಸಬೇಕೆಂಬ ನಿರೀಕ್ಷೆ. ಕಲಿತ ಗುರು ಕಿರಿಯನ ಲೆಕ್ಕವನ್ನು ತನ್ನ ಪ್ರತಿಷ್ಠೆಯ ಭಾರದಿಂದ ಅದುಮಿದ ಆ ಸಂಜೆ ಸೆಮಿನರಿಗಳಿಗೂ ಪರಿಚಿತವಾದ ದೃಶ್ಯವೇ. ಆ ಇಬ್ಬರ ಸ್ನೇಹ ಮಾತ್ರ ಮುರಿಯಲಿಲ್ಲ. 1982ರಲ್ಲಿ ಎಡಿಂಗ್ಟನ್ ಜನ್ಮಶತಾಬ್ದಿಯ ಉಪನ್ಯಾಸ ಕೊಟ್ಟವರು ಚಂದ್ರಶೇಖರರೇ; ಮರುವರ್ಷ ಅವರಿಗೆ ನೊಬೆಲ್ ಬಂತು.

ಮಿತಿಯನ್ನು ದಾಟಿದ ತಿರುಳಿಗೆ ಏನಾಗುತ್ತದೆ ಎಂಬುದು ಉಳಿದ ಪ್ರಶ್ನೆ. ಬಹಳ ಭಾರವಾದ ನಕ್ಷತ್ರದ ಒಡಲಿನಲ್ಲಿ ಕಬ್ಬಿಣದ ತಿರುಳು ಬೆಳೆಯುತ್ತದೆ. ಅದು ನಕ್ಷತ್ರದೊಳಗೇ ಅಡಗಿದ ಶ್ವೇತಕುಬ್ಜದಂತೆ. ಚಂದ್ರಶೇಖರ್ ಮಿತಿಯನ್ನು ಮುಟ್ಟಿದ ಕೂಡಲೇ ಅದು ಕ್ಷಣಮಾತ್ರದಲ್ಲಿ ಕುಸಿಯುತ್ತದೆ. ಆಗ ಬಿಡುಗಡೆಯಾಗುವ ಶಕ್ತಿಯ ಶೇಕಡಾ 99ರಷ್ಟು ಬೆಳಕಾಗಿ ಬರುವುದಿಲ್ಲ, ನ್ಯೂಟ್ರಿನೊಗಳಾಗಿ ಹೊರಟುಹೋಗುತ್ತದೆ. ಹೊಸದಾಗಿ ಹುಟ್ಟಿದ ಬಿಸಿ ಶ್ವೇತಕುಬ್ಜವೂ ಮೊದಲ ಕಾಲದಲ್ಲಿ ಬೆಳಕಿಗಿಂತ ಹೆಚ್ಚು ಶಕ್ತಿಯನ್ನು ನ್ಯೂಟ್ರಿನೊಗಳ ಮೂಲಕವೇ ಕಳೆದುಕೊಳ್ಳುತ್ತದೆ. ನಕ್ಷತ್ರದ ಸಾವನ್ನು ಒಳಗಿನಿಂದ ಅರಿಯಬೇಕಾದರೆ ಈ ಕಣವನ್ನು ಅರಿಯಬೇಕು. ಅದಾದರೋ ಭೂಮಿಯನ್ನೇ ಗಾಜಿನಂತೆ ತೂರಿಹೋಗುವಂಥದು. ಅದನ್ನು ಹಿಡಿಯಲು ಉಳಿದ ಎಲ್ಲ ಕಣಗಳ ಗದ್ದಲ ಅಡಗಿದ ಸ್ಥಳ ಬೇಕು. ಈ ಕಾರಣದಿಂದ ಚರಿತ್ರೆ ಕೋಲಾರಕ್ಕೆ ಇಳಿಯುತ್ತದೆ.

ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್, 1951ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ವಿಶ್ವಕಿರಣಗಳ ಅಳತೆಯನ್ನು ಆರಂಭಿಸಿದರು. ಅರವತ್ತರ ದಶಕದ ಆರಂಭದಲ್ಲಿ ಎಂ. ಜಿ. ಕೆ. ಮೆನನ್, ರಮಣಮೂರ್ತಿ, ಜಪಾನಿನ ಮಿಯಾಕೆ ಮೊದಲಾದವರು ಜೊತೆಗೂಡಿ ಆಳ ಆಳಕ್ಕೆ ಹೋದರು. 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಮೇಲಿನಿಂದ ಒಂದು ಕಣವೂ ಬರಲಿಲ್ಲ. ಏನೂ ಕಾಣದ ಆ ಫಲಿತಾಂಶವೇ ಅವರಿಗೆ ಬೇಕಾದ ಮೌನ. ಒಸಾಕಾ ಮತ್ತು ಡರ್ಹಂ ವಿಶ್ವವಿದ್ಯಾನಿಲಯಗಳೊಡನೆ ಸೇರಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಅವರು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡವೂ ಕಂಡಿತು. ಅವರ ಮೊದಲ ದಾಖಲೆ ಸ್ವಲ್ಪ ಮುಂಚಿನದು, ಕೋಲಾರದವರ ಪ್ರಕಟಣೆ ಕೆಲವು ದಿನ ಮುಂಚಿನದು. ಕೋಲಾರದಲ್ಲಿ ಕಂಡವು ನೇರವಾಗಿ ಸಾಯುವ ನಕ್ಷತ್ರದಿಂದ ಬಂದವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟಿದವು. ಆ ವಿಶ್ವಕಿರಣಗಳ ಬಹುಪಾಲಿಗೆ ಮೂಲ ಸಿಡಿದ ನಕ್ಷತ್ರಗಳ ಅವಶೇಷವೆಂಬುದು ವಿಜ್ಞಾನಿಗಳ ಬಲವಾದ ಅಭಿಪ್ರಾಯ.

1980ರ ಸುಮಾರಿಗೆ ಅದೇ ಆಳದಲ್ಲಿ ಇನ್ನೂ ದಿಟ್ಟವಾದ ಪ್ರಯೋಗ ಆರಂಭವಾಯಿತು. 140 ಟನ್ ತೂಕದ ಉಪಕರಣ. ಕಬ್ಬಿಣದ ಫಲಕಗಳ ನಡುನಡುವೆ ಅನಿಲ ತುಂಬಿದ ಕೊಳವೆಗಳ ಸಾಲು. ಕಾಯುತ್ತಿದ್ದದ್ದು ಕಬ್ಬಿಣದೊಳಗಿನ ಪ್ರೋಟಾನೊಂದು ತಾನಾಗಿ ಅಳಿಯುವುದನ್ನು. ಪ್ರೋಟಾನಿಗೂ ಅಳಿವಿದ್ದರೆ ಕಪ್ಪಾಗಿ ತಣಿದ ಶ್ವೇತಕುಬ್ಜವೂ ಕೊನೆಗೆ ಕರಗಿಹೋಗುತ್ತದೆ, ನಕ್ಷತ್ರದ ಬೂದಿಗೂ ನಿತ್ಯತ್ವವಿಲ್ಲ. ಬಸಿಲನೂ ಫಿಲೋಪೋನಸನೂ ಎತ್ತಿದ ಪ್ರಶ್ನೆ ಹೀಗೆ ಕೋಲಾರದ ಸುರಂಗದಲ್ಲಿ ದ್ರವ್ಯದ ಕೊನೆಯ ಕಣವನ್ನು ತಲುಪಿತು. ಪ್ರೋಟಾನ್ ಕ್ಷಯವಿರಬಹುದೆಂದು ತೋರಿದ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಇತರೆಡೆಯ ದೊಡ್ಡ ಉಪಕರಣಗಳು ಅವನ್ನು ದೃಢಪಡಿಸಲಿಲ್ಲ. ಇದೇ ಪ್ರಶ್ನೆಗಾಗಿ ಜಪಾನಿನ ಕಮಿಯೋಕ ಗಣಿಯಲ್ಲಿ ಕಟ್ಟಿದ ನೀರಿನ ತೊಟ್ಟಿ 1987ರ ಫೆಬ್ರವರಿಯಲ್ಲಿ ನೆರೆಯ ಮೆಗೆಲನ್ ಮೇಘದ ನಕ್ಷತ್ರವೊಂದು ಕುಸಿದಾಗ ಹೊರಟ ನ್ಯೂಟ್ರಿನೊಗಳನ್ನು ಹಿಡಿಯಿತು. ಚಂದ್ರಶೇಖರ್ ಮಿತಿಯನ್ನು ದಾಟಿದ ತಿರುಳಿನ ಸಾವಿಗೆ ಅದು ನೇರ ಸಾಕ್ಷಿ.

ಇಷ್ಟರಿಂದ ಸೃಷ್ಟಿಸಿದ್ಧಾಂತಕ್ಕೆ ಏನಾಗುತ್ತದೆ? ನಕ್ಷತ್ರಗಳ ಸಾವು ಆದಾಮನ ಪಾಪದ ಫಲವೆಂದೂ ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದ ಅರ್ಥ ಇದೇ ಎಂದೂ ಹೇಳುವ ಪ್ರಸಂಗಗಳು ನಮ್ಮಲ್ಲಿವೆ. ಇದು ನಿಲ್ಲುವ ಮಾತಲ್ಲ. ಚಿನ್ನವನ್ನು ಹೊತ್ತ ಕೋಲಾರದ ಶಿಲೆಗಳಿಗೇ ಸುಮಾರು 270 ಕೋಟಿ ವರ್ಷ ವಯಸ್ಸು. ಅವುಗಳೊಳಗಿನ ಧಾತುಗಳು ಅದಕ್ಕೂ ಮೊದಲು ಸತ್ತ ನಕ್ಷತ್ರಗಳಿಂದ ಬಂದವು. ಲೋಕದ ಕಬ್ಬಿಣದ ಹೆಚ್ಚಿನ ಪಾಲು ಟೈಕೋ ಕಂಡಂಥ ಶ್ವೇತಕುಬ್ಜ ಸ್ಫೋಟಗಳ ಕೊಡುಗೆ: ಮಾಲೂರಿನ ಹೆಂಚಿನ ಕೆಂಪು, ಶ್ರೀನಿವಾಸಪುರದ ಮಾವಿನ ತೋಪುಗಳ ಕೆಮ್ಮಣ್ಣು, ನಮ್ಮ ರಕ್ತ, ಪ್ರೋಟಾನಿಗಾಗಿ ಕಾದ ಆ ಫಲಕಗಳು ಕೂಡ. ಚಿನ್ನ ಹುಟ್ಟುವುದು ಅದಕ್ಕಿಂತ ಒತ್ತಾದ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಂಥ ಘಟನೆಗಳಲ್ಲಿ. ಅಂಥದೊಂದನ್ನು 2017ರಲ್ಲಿ ಕಂಡರು. ಆದಾಮನನ್ನು ರೂಪಿಸಿದ ಮಣ್ಣೇ ನಕ್ಷತ್ರದ ಸಾವಿನಿಂದ ಬಂದಿರುವಾಗ ಆ ಸಾವನ್ನು ಶಾಪವೆನ್ನಲಾಗದು. ಅದು ಸೃಷ್ಟಿಯಾದದ್ದರ ಪರಿಮಿತಿ. ಅಳಿಯುವುದರಿಂದ ಸೃಷ್ಟಿ ಕೆಟ್ಟದ್ದಾಗುವುದಿಲ್ಲ, ದೇವರಲ್ಲದ್ದಾಗುತ್ತದೆ, ಅಷ್ಟೆ.

ಆದರೆ ಇಲ್ಲಿಯೇ ಬೋಧಕನ ನಾಲಗೆ ಜಾರುವ ಅಪಾಯವಿದೆ. ನಕ್ಷತ್ರ ಸತ್ತು ಜೀವಕ್ಕೆ ಮಣ್ಣು ಕೊಟ್ಟಂತೆ ಗಣಿಕಾರ್ಮಿಕನು ಸತ್ತು ನಾಡಿಗೆ ಚಿನ್ನ ಕೊಟ್ಟನು ಎಂಬ ಉಪಮೆ ಸುಲಭವಾಗಿ ಹೊಳೆಯುತ್ತದೆ. ಅದನ್ನು ಆಡಬಾರದು. ಕೋಲಾರದ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆಗಳು ಸಿಡಿದು ಜನರು ಸತ್ತರು. ಕಲ್ಲಿನ ಧೂಳು ಸಿಲಿಕೋಸಿಸ್ ಆಗಿ ಶ್ವಾಸಕೋಶಗಳನ್ನು ತಿಂದಿತು. ಆ ಸಾವುಗಳು ಸೃಷ್ಟಿಯ ಪರಿಮಿತಿಯಿಂದ ಬಂದವಲ್ಲ. ಎಷ್ಟು ಆಳಕ್ಕೆ, ಎಷ್ಟು ಕೂಲಿಗೆ, ಯಾರನ್ನು ಇಳಿಸಬೇಕೆಂದು ಮನುಷ್ಯರು ತೀರ್ಮಾನಿಸಿದ್ದರಿಂದ ಬಂದವು. ಇಳಿದವರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತರು. ಅವರಲ್ಲಿ ಅನೇಕರು ನಮ್ಮ ಸಭೆಗಳ ಸದಸ್ಯರು. ಪರಿಮಿತಿ ಒಂದು, ಅನ್ಯಾಯ ಇನ್ನೊಂದು. ಎರಡನ್ನೂ ಸಾವೆಂಬ ಒಂದೇ ಪದದಲ್ಲಿ ಬೆರೆಸಿದರೆ ಸೃಷ್ಟಿಸಿದ್ಧಾಂತವು ಗಣಿಯ ಮಾಲೀಕನ ಸಮರ್ಥನೆಯಾಗಿಬಿಡುತ್ತದೆ.

ವಿಜ್ಞಾನಿಗಳ ಪ್ರಬಂಧಗಳ ಮೇಲೆ ಲೇಖಕರ ಹೆಸರುಗಳಿವೆ. ಆ ಸುರಂಗವನ್ನು ಕೊರೆದವರ, ಶಾಫ್ಟ್ ನಡೆಸಿದವರ, ಆಳಕ್ಕೆ ಗಾಳಿ ಹಾಯಿಸಿದವರ ಹೆಸರುಗಳು ಅಲ್ಲಿಲ್ಲ. ಅವರಲ್ಲಿ ಕೆಲವರ ಹೆಸರಾದರೂ ಗಣಿಪ್ರದೇಶದ ಸಭೆಗಳ ಸ್ನಾನದೀಕ್ಷೆಯ, ಮದುವೆಯ, ಸಮಾಧಿಯ ದಾಖಲೆಪುಸ್ತಕಗಳಲ್ಲಿ ಇರಲೇಬೇಕು. ಅವು ಗೆದ್ದಲು ಹಿಡಿಯುವ ಮೊದಲು ಓದುವ ಕೆಲಸ ಸಭಾಚರಿತ್ರೆಯ ವಿದ್ಯಾರ್ಥಿಗಳದು. ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ಜ್ಞಾನದ ಸ್ತೋತ್ರವೆಂದು ಪಾಠ ಹೇಳುವಾಗ ನಾವು ಮೊದಲ ಹನ್ನೊಂದು ವಚನಗಳನ್ನು ಬೇಗ ದಾಟಿಬಿಡುತ್ತೇವೆ. ಅಲ್ಲಿ ಇರುವುದು ಗಣಿ: ಜನವಸತಿಯಿಂದ ದೂರ, ಹಗ್ಗಕ್ಕೆ ಜೋತು, ಕತ್ತಲೆಯ ಅಂಚನ್ನು ಹುಡುಕುತ್ತಾ ಇಳಿಯುವ ಮನುಷ್ಯರು.

ಗಣಿ ಕ್ಷೀಣಿಸುತ್ತಿದ್ದಂತೆ ತೊಂಬತ್ತರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಪಂಪುಗಳು ನಿಂತ ಮೇಲೆ ಆಳದ ಹಂತಗಳಲ್ಲಿ ನೀರು ತುಂಬಿತು. ಪ್ರೋಟಾನಿನ ಅಳಿವನ್ನು ಇದುವರೆಗೆ ಯಾರೂ ಕಂಡಿಲ್ಲ. ಅದರ ಸರಾಸರಿ ಆಯುಸ್ಸು ಇದ್ದರೂ 1ರ ಮುಂದೆ 33 ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗಿಂತ ಕಡಮೆಯಿರಲಾರದೆಂದು ಕಮಿಯೋಕದ ಹೊಸ ತೊಟ್ಟಿಯ ಲೆಕ್ಕ ಹೇಳುತ್ತದೆ. ಆ ಕಾಯುವಿಕೆ ಅಲ್ಲಿ ಮುಂದುವರಿದಿದೆ. ಕೋಲಾರದಲ್ಲಿ ಕಾದ ಸ್ಥಳ ನೀರಿನಡಿಯಲ್ಲಿದೆ. ಮೇಲೆ ಗಣಿಯ ಮಣ್ಣಿನ ದಿಬ್ಬಗಳಿವೆ, ಅವುಗಳ ಧೂಳು ಗಾಳಿ ಬೀಸಿದ ದಿನ ಕಾಲೊನಿಯ ಮನೆಗಳೊಳಗೆ ಬರುತ್ತದೆ.